ಹದಿನೈದು ಜನ, ಮೂರು ಆಲ್ಬಂ, ಮೂರು ಫಲಿತಾಂಶ

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದು ಬುಲ್ ಟೆಂಪಲ್ ರಸ್ತೆಯ ಸಿಪ್ಪೆಯನ್ನೆಲ್ಲ ಗುಡಿಸುವ ಹೊತ್ತಿಗೆ, ಆ ವರ್ಷದ ಅತ್ಯುತ್ತಮ ಆಲ್ಬಂಗಳ ಪಟ್ಟಿಗಳು ಒಂದೊಂದಾಗಿ ಹೊರಬೀಳತೊಡಗುತ್ತವೆ. ಅವುಗಳ ಬೆನ್ನಿಗೇ ಜಗಳವೂ ಬರುತ್ತದೆ. ಮೊದಲ ಸ್ಥಾನದಲ್ಲಿರುವುದು ಅಲ್ಲಿಗೆ ಹೇಗೆ ಬಂತು, ಹತ್ತರೊಳಗೆ ಇರಲೇಬೇಕಿದ್ದದ್ದು ನಲವತ್ತರಾಚೆ ಏಕೆ ಹೋಯಿತು, ಪಟ್ಟಿ ಮಾಡಿದವರು ಅದನ್ನು ಒಮ್ಮೆಯಾದರೂ ಪೂರ್ತಿ ಕೇಳಿದ್ದಾರೆಯೇ ಎಂಬ ಪ್ರಶ್ನೆಗಳು ಕಾಫಿಯ ಲೋಟದ ಜೊತೆಗೇ ಮೇಜಿಗೆ ಬರುತ್ತವೆ. ಈ ವಾದಗಳಲ್ಲಿ ಹೆಚ್ಚಿನವು ಅಭಿರುಚಿಯ ಮೇಲೆಯೇ ನಡೆಯುತ್ತವೆ. ಒಬ್ಬರ ಕಿವಿಯನ್ನು ಇನ್ನೊಬ್ಬರು ಅನುಮಾನಿಸುವುದರಲ್ಲಿ ಸಂಜೆ ಕಳೆಯುತ್ತದೆ. ಆದರೆ ಒಂದು ಪಟ್ಟಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಕಿವಿಗೆ ಸೇರಿದ್ದಲ್ಲ, ಎಣಿಕೆಗೆ ಸೇರಿದ್ದು. ಯಾರನ್ನು ಕೇಳಬೇಕು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಲೆಕ್ಕ, ಬಂದ ಮತಗಳನ್ನು ಹೇಗೆ ಕೂಡಬೇಕು ಎಂಬುದನ್ನು ಮೊದಲೇ ಯಾರೋ ಸದ್ದಿಲ್ಲದೆ ತೀರ್ಮಾನಿಸಿರುತ್ತಾರೆ, ಮತ್ತು ಫಲಿತಾಂಶದ ಬಹುಭಾಗ ಅಲ್ಲಿಯೇ ನಿರ್ಧಾರವಾಗಿರುತ್ತದೆ.

ಇದು ಹೇಗೆಂದು ನೋಡಲು ಸಣ್ಣದೊಂದು ಲೆಕ್ಕ ಸಾಕು. ಗಾಂಧಿ ಬಜಾರಿನ ಹೋಟೆಲೊಂದರಲ್ಲಿ ಹದಿನೈದು ಮಂದಿ ಸಂಗೀತಪ್ರಿಯರು ಸೇರಿ ವರ್ಷದ ಅತ್ಯುತ್ತಮ ಕನ್ನಡ ಆಲ್ಬಮನ್ನು ಆರಿಸಲು ಕುಳಿತಿದ್ದಾರೆ ಎಂದು ಭಾವಿಸೋಣ. ಕೊನೆಯ ಸುತ್ತಿಗೆ ಮೂರು ಉಳಿದಿವೆ: ಒಂದು ಸಿನಿಮಾ ಹಾಡುಗಳ ಆಲ್ಬಂ, ಒಂದು ಭಾವಗೀತೆಗಳದ್ದು, ಒಂದು ರ‍್ಯಾಪ್. ಆರು ಮಂದಿಗೆ ಸಿನಿಮಾ ಮೊದಲು, ಭಾವಗೀತೆ ಎರಡನೆಯದು, ರ‍್ಯಾಪ್ ಕೊನೆ. ಐದು ಮಂದಿಗೆ ರ‍್ಯಾಪ್ ಮೊದಲು, ಭಾವಗೀತೆ ಎರಡನೆಯದು, ಸಿನಿಮಾ ಕೊನೆ. ಉಳಿದ ನಾಲ್ವರಿಗೆ ಭಾವಗೀತೆ ಮೊದಲು, ರ‍್ಯಾಪ್ ಎರಡನೆಯದು, ಸಿನಿಮಾ ಕೊನೆ. ಭಾವಗೀತೆಯ ಪ್ರೇಮಿಗಳು ಸಿನಿಮಾ ಹಾಡಿಗಿಂತ ರ‍್ಯಾಪನ್ನು ಮೇಲಿಟ್ಟಿದ್ದು ವಿಚಿತ್ರವೆನಿಸಬಹುದು. ಆದರೆ ರಾಗಕ್ಕಿಂತ ಸಾಹಿತ್ಯಕ್ಕೆ ಹೆಚ್ಚು ಕಿವಿಗೊಡುವವರು ಹೀಗೆ ಆರಿಸುವುದನ್ನು ನಾನು ಕಂಡಿದ್ದೇನೆ.

ಈಗ ಮತ ಎಣಿಸೋಣ. ಪ್ರತಿಯೊಬ್ಬರ ಮೊದಲ ಆಯ್ಕೆಯನ್ನು ಮಾತ್ರ ಎಣಿಸಿದರೆ ಸಿನಿಮಾಕ್ಕೆ 6, ರ‍್ಯಾಪ್‌ಗೆ 5, ಭಾವಗೀತೆಗೆ 4. ಗೆದ್ದದ್ದು ಸಿನಿಮಾ. ಆದರೆ ಹದಿನೈದರಲ್ಲಿ ಒಂಬತ್ತು ಜನ ಅದನ್ನೇ ಕಟ್ಟಕಡೆಗೆ ಇಟ್ಟಿದ್ದಾರಲ್ಲ ಎಂದು ಒಬ್ಬರು ತಕರಾರು ತೆಗೆಯುತ್ತಾರೆ. ಸರಿ, ಅತಿ ಕಡಿಮೆ ಮತ ಬಂದದ್ದನ್ನು ಕೈಬಿಟ್ಟು ಉಳಿದೆರಡರ ನಡುವೆ ಮತ್ತೊಮ್ಮೆ ಮತ ಹಾಕೋಣ ಎಂದಾಗ ಭಾವಗೀತೆ ಹೊರಬೀಳುತ್ತದೆ, ಅದರ ನಾಲ್ವರೂ ರ‍್ಯಾಪ್ ಕಡೆಗೆ ಬರುತ್ತಾರೆ, 9ಕ್ಕೆ 6ರಂತೆ ರ‍್ಯಾಪ್ ಗೆಲ್ಲುತ್ತದೆ. ಮೂರನೆಯವರು ಇದನ್ನೂ ಒಪ್ಪುವುದಿಲ್ಲ: ಮೊದಲ ಸ್ಥಾನಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ ಕೊಟ್ಟು ಕೂಡುವುದೇ ನ್ಯಾಯ ಎನ್ನುತ್ತಾರೆ. ಕೂಡಿದಾಗ ಭಾವಗೀತೆಗೆ 34, ರ‍್ಯಾಪ್‌ಗೆ 29, ಸಿನಿಮಾಕ್ಕೆ 27. ಮೊದಲ ಎಣಿಕೆಯಲ್ಲಿ ಕೊನೆಗಿದ್ದದ್ದು ಈಗ ಮೊದಲು ಬಂದಿದೆ, ಮೊದಲಿದ್ದದ್ದು ಕೊನೆಗೆ ಹೋಗಿದೆ. ಈ ನಡುವೆ ಯಾರೂ ತಮ್ಮ ಅಭಿಪ್ರಾಯವನ್ನು ಕೂದಲೆಳೆಯಷ್ಟೂ ಬದಲಿಸಿಲ್ಲ. ಅವೇ ಹದಿನೈದು ಚೀಟಿಗಳು, ಅವೇ ಮೂರು ಆಲ್ಬಂಗಳು.

ಸ್ಥಾನಕ್ಕೆ ಅಂಕ ಕೊಟ್ಟು ಕೂಡುವ ಈ ಮೂರನೆಯ ಪದ್ಧತಿಗೆ ಹದಿನೆಂಟನೆಯ ಶತಮಾನದ ಫ್ರೆಂಚ್ ಗಣಿತಜ್ಞ ಹಾಗೂ ನೌಕಾಧಿಕಾರಿ ಬೋರ್ಡಾನ ಹೆಸರಿದೆ. ಅವನ ಸಮಕಾಲೀನನಾದ ಕಾಂಡೋರ್ಸೆ 1785ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೊಂದು ಅಳತೆಯನ್ನು ಮುಂದಿಟ್ಟ: ಇಬ್ಬಿಬ್ಬರನ್ನೇ ಎದುರುಬದುರು ನಿಲ್ಲಿಸಿ ನೋಡಬೇಕು, ಎಲ್ಲರನ್ನೂ ಸೋಲಿಸುವವರು ಇದ್ದರೆ ಅವರೇ ಗೆದ್ದವರು. ನಮ್ಮ ಹೋಟೆಲಿನ ಲೆಕ್ಕದಲ್ಲಿ ಭಾವಗೀತೆಯು ಸಿನಿಮಾವನ್ನು 9–6ರಿಂದಲೂ ರ‍್ಯಾಪನ್ನು 10–5ರಿಂದಲೂ ಸೋಲಿಸುವುದರಿಂದ ಅಲ್ಲಿಯೂ ಅದೇ ಗೆಲ್ಲುತ್ತದೆ. ಆದರೆ ಅಂಥ ವಿಜೇತರು ಯಾವಾಗಲೂ ಸಿಗುತ್ತಾರೆಂಬ ಭರವಸೆಯಿಲ್ಲ ಎಂಬುದನ್ನು ಕಂಡುಕೊಂಡವನೂ ಕಾಂಡೋರ್ಸೆಯೇ. ಮೂವರಲ್ಲಿ ಒಬ್ಬರು ಸಿನಿಮಾ, ಭಾವಗೀತೆ, ರ‍್ಯಾಪ್ ಎಂದೂ, ಇನ್ನೊಬ್ಬರು ಭಾವಗೀತೆ, ರ‍್ಯಾಪ್, ಸಿನಿಮಾ ಎಂದೂ, ಮತ್ತೊಬ್ಬರು ರ‍್ಯಾಪ್, ಸಿನಿಮಾ, ಭಾವಗೀತೆ ಎಂದೂ ಬರೆದುಕೊಟ್ಟರೆ ಸಿನಿಮಾ ಭಾವಗೀತೆಯನ್ನು, ಭಾವಗೀತೆ ರ‍್ಯಾಪನ್ನು, ರ‍್ಯಾಪ್ ಮತ್ತೆ ಸಿನಿಮಾವನ್ನು 2–1ರಿಂದ ಸೋಲಿಸುತ್ತವೆ. ಗಾಣದ ಎತ್ತಿನಂತೆ ಸುತ್ತುವುದೇ ಆಯಿತು, ಮೊದಲ ಸ್ಥಾನ ಸಿಗುವುದಿಲ್ಲ. 1951ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಎಲ್ಲರೂ ಒಂದನ್ನು ಇನ್ನೊಂದಕ್ಕಿಂತ ಮೇಲೆಂದರೆ ಪಟ್ಟಿಯೂ ಹಾಗೆಯೇ ಹೇಳಬೇಕು. ಎರಡು ಆಲ್ಬಂಗಳ ನಡುವಿನ ಮೇಲು ಕೀಳು ಮೂರನೆಯದೊಂದರ ಕಾರಣಕ್ಕೆ ಬದಲಾಗಬಾರದು. ಯಾರೋ ಒಬ್ಬರ ಮಾತೇ ಯಾವಾಗಲೂ ನಡೆಯುವಂತಿರಬಾರದು. ಆಯ್ಕೆಗಳು ಮೂರು ಅಥವಾ ಹೆಚ್ಚಿದ್ದು, ಮತದಾರರು ತಮಗೆ ತೋಚಿದ ಯಾವ ಕ್ರಮವನ್ನಾದರೂ ಬರೆಯಬಹುದಾಗಿರುವಾಗ, ಈ ಸರಳ ಬೇಡಿಕೆಗಳನ್ನು ಒಟ್ಟಿಗೆ ಈಡೇರಿಸಿ ಸುಸಂಗತವಾದ ಪಟ್ಟಿಯನ್ನು ಕೊಡುವ ಎಣಿಕೆಯ ಪದ್ಧತಿ ಇರಲು ಸಾಧ್ಯವೇ ಇಲ್ಲವೆಂದು ಅವರು ಸಾಧಿಸಿ ತೋರಿಸಿದರು. ಅವರಿಗೆ 1972ರಲ್ಲಿ ನೊಬೆಲ್ ಬಂತು. ಡಿಸೆಂಬರಿನ ಜಗಳಗಳಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಹಾಗಿದ್ದರೂ ಪಟ್ಟಿ ಮಾಡುವವರು ಏನಾದರೊಂದು ಪದ್ಧತಿಯನ್ನು ಹಿಡಿಯಲೇಬೇಕು. ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆ ದಶಕಗಳ ಕಾಲ ನಡೆಸಿದ ವಿಮರ್ಶಕರ ಮತದಾನದಲ್ಲಿ ಪ್ರತಿ ವಿಮರ್ಶಕರ ಕೈಗೆ 100 ಅಂಕಗಳನ್ನು ಕೊಟ್ಟು, ಹತ್ತು ಆಲ್ಬಂಗಳಿಗೆ ಹಂಚುವಂತೆ ಹೇಳುತ್ತಿದ್ದರು. ಒಂದಕ್ಕೆ 30ಕ್ಕಿಂತ ಹೆಚ್ಚು ಕೊಡುವಂತಿಲ್ಲ, 5ಕ್ಕಿಂತ ಕಡಿಮೆಯೂ ಕೊಡುವಂತಿಲ್ಲ. ನನಗೆ ಈ ಉಪಾಯ ಬಹಳ ಇಷ್ಟ. ಸ್ಥಾನವನ್ನಷ್ಟೇ ಕೇಳುವ ಪದ್ಧತಿಯಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಒಂದು ಮೆಟ್ಟಿಲಿದೆಯೋ ಒಂದು ಬೆಟ್ಟವಿದೆಯೋ ತಿಳಿಯುವುದಿಲ್ಲ. ಇಲ್ಲಿ 30 ಕೊಟ್ಟವರ ಪ್ರೀತಿಗೂ 11 ಕೊಟ್ಟವರ ಪ್ರೀತಿಗೂ ಅಂತರ ಕಾಣುತ್ತದೆ. ಬೇರೆಬೇರೆ ಪತ್ರಿಕೆಗಳ ಪಟ್ಟಿಗಳನ್ನೇ ಸೇರಿಸಿ ಮಹಾಪಟ್ಟಿ ಮಾಡುವ ಮೆಟಾಕ್ರಿಟಿಕ್, ಪ್ರತಿ ಪಟ್ಟಿಯ ಮೊದಲ ಸ್ಥಾನಕ್ಕೆ 3, ಎರಡನೆಯದಕ್ಕೆ 2, ಮೂರರಿಂದ ಹತ್ತರವರೆಗಿನ ಎಲ್ಲಕ್ಕೂ ಒಂದೊಂದು ಅಂಕ ಕೊಡುವ ಕ್ರಮವನ್ನು ಅನುಸರಿಸಿದೆ. ಆ ಲೆಕ್ಕದಲ್ಲಿ ಮೂರು ಪತ್ರಿಕೆಗಳಲ್ಲಿ ಹತ್ತನೆಯ ಸ್ಥಾನ ಪಡೆದದ್ದೂ ಒಂದು ಪತ್ರಿಕೆಯಲ್ಲಿ ಮೊದಲ ಸ್ಥಾನ ಪಡೆದದ್ದೂ ಸಮ.

ಇದರಿಂದ ಹುಟ್ಟುವ ಒಂದು ಪರಿಣಾಮವನ್ನು ಗಮನಿಸಬೇಕು. ಅನೇಕರ ಮತಗಳನ್ನು ಕೂಡಿ ಮಾಡಿದ ಪಟ್ಟಿಯ ತುದಿಗೆ ಬರುವುದು ಬಹುಪಾಲು ಯಾರೂ ಬೇಡವೆನ್ನದ ಆಲ್ಬಂ. ಕೆಲವರು ಹುಚ್ಚರಂತೆ ಪ್ರೀತಿಸಿ ಉಳಿದವರು ಕೇಳಿಯೇ ಇರದ ಆಲ್ಬಂ ಅಲ್ಲಿಗೆ ಏರುವುದು ಕಷ್ಟ. ಐವತ್ತು ಜನರಿರುವ ಬಳಗದಲ್ಲಿ ಮೂವತ್ತು ಜನ ಏಳನೆಯದೋ ಎಂಟನೆಯದೋ ಎಂದು ಬರೆದದ್ದು, ನಾಲ್ವರು ಮೊದಲನೆಯದೆಂದು ಬರೆದದ್ದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಸಾಮೂಹಿಕ ಪಟ್ಟಿಗಳೆಲ್ಲ ಒಂದರಂತೆ ಒಂದು ಕಾಣುತ್ತವೆ, ಮದುವೆಮನೆಯ ಊಟದಂತೆ ಎಲ್ಲರಿಗೂ ಒಗ್ಗುವಷ್ಟೇ ಖಾರವಿರುತ್ತದೆ ಎಂಬ ದೂರಿಗೆ ಇದೇ ಕಾರಣ. ಒಬ್ಬರೇ ತಮ್ಮ ಹೆಸರು ಹಾಕಿ ಮಾಡಿದ ಪಟ್ಟಿಯಲ್ಲಿ ತಪ್ಪುಗಳು ಹೆಚ್ಚಿರಬಹುದು, ಆದರೆ ಅಲ್ಲಿ ನಾವು ಕೇಳದೆ ಬಿಟ್ಟದ್ದು ಸಿಗುವ ಸಾಧ್ಯತೆಯೂ ಹೆಚ್ಚು.

ಅಂಕಗಳ ಸರಾಸರಿಯಿಂದ ಪಟ್ಟಿ ಮಾಡುವಲ್ಲಿ ತೊಡಕು ಬೇರೆ ಬಗೆಯದು. ನಾಲ್ಕೇ ಜನ ಕೇಳಿ ನಾಲ್ವರೂ ಐದಕ್ಕೆ ಐದು ಕೊಟ್ಟ ಆಲ್ಬಂ ದೊಡ್ಡದೋ, ನಾನೂರು ಜನ ಕೇಳಿ ಸರಾಸರಿ 4.3 ಬಂದದ್ದು ದೊಡ್ಡದೋ? ಬರಿಯ ಸರಾಸರಿ ನೋಡಿದರೆ ಮೊದಲನೆಯದು. ಆ ನಾಲ್ವರು ಗಾಯಕರ ಮನೆಯವರೇ ಇರಬಹುದು. ಇದಕ್ಕೆ ಸಂಖ್ಯಾಶಾಸ್ತ್ರದ ಪರಿಹಾರ ಸರಳವಾಗಿದೆ: ಪ್ರತಿ ಆಲ್ಬಂಗೂ ಸಾಧಾರಣ ಅಂಕದ ಕೆಲವು ಕಾಲ್ಪನಿಕ ಮತಗಳನ್ನು ಮೊದಲೇ ಸೇರಿಸಿಬಿಡುವುದು. ಇಪ್ಪತ್ತು ಮತಗಳನ್ನು 3.5ರಂತೆ ಸೇರಿಸಿದರೆ ನಾಲ್ವರ ಆಲ್ಬಂ 3.75ಕ್ಕೆ ಇಳಿಯುತ್ತದೆ, ನಾನೂರು ಜನರದ್ದು 4.26ರಲ್ಲಿ ನಿಲ್ಲುತ್ತದೆ. ಇಪ್ಪತ್ತೇ ಏಕೆ, ಐದೋ ಇನ್ನೂರೋ ಏಕಲ್ಲ ಎಂಬುದಕ್ಕೆ ಉತ್ತರ ಗಣಿತದಲ್ಲಿಲ್ಲ, ಪಟ್ಟಿ ಮಾಡುವವರ ವಿವೇಚನೆಯಲ್ಲಿದೆ.

ಎಣಿಕೆಗಿಂತ ಹೆಚ್ಚು ಜಗಳ ಹುಟ್ಟಿಸಬೇಕಾದದ್ದು, ಆದರೆ ಅಷ್ಟು ಹುಟ್ಟಿಸದಿರುವುದು, ಕ್ಯಾಲೆಂಡರು. ವರ್ಷವೆಂದರೆ ಜನವರಿಯಿಂದ ಡಿಸೆಂಬರ್ ಎಂದು ನಾವು ಅಂದುಕೊಂಡಿರುತ್ತೇವೆ. ಪಟ್ಟಿಗಳ ವರ್ಷ ಹಾಗಿರುವುದಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಪ್ರಕಟವಾಗುವ ಪಟ್ಟಿಗೆ ನವೆಂಬರಿನಲ್ಲೇ ಮತ ಬಿದ್ದಿರುತ್ತದೆ. ಬಿಯಾನ್ಸೆ 2013ರ ಡಿಸೆಂಬರ್ 13ರಂದು ಯಾವ ಮುನ್ಸೂಚನೆಯೂ ಇಲ್ಲದೆ ಆಲ್ಬಂ ಹೊರತಂದಾಗ ಅನೇಕ ಪತ್ರಿಕೆಗಳ ಪಟ್ಟಿಗಳು ಆಗಲೇ ಅಚ್ಚಾಗಿದ್ದವು. 2025ರ ಗ್ರ್ಯಾಮಿ ಪ್ರಶಸ್ತಿಗೆ ಲೆಕ್ಕಕ್ಕೆ ತೆಗೆದುಕೊಂಡದ್ದು 2023ರ ಸೆಪ್ಟೆಂಬರ್ 16ರಿಂದ 2024ರ ಆಗಸ್ಟ್ 30ರವರೆಗೆ ಬಂದ ಸಂಗೀತವನ್ನು. ಇಂಗ್ಲೆಂಡಿನ ದಿ ಕ್ಲ್ಯಾಷ್ ತಂಡದ ‘ಲಂಡನ್ ಕಾಲಿಂಗ್’ ತನ್ನ ನಾಡಿನಲ್ಲಿ 1979ರ ಡಿಸೆಂಬರಿನಲ್ಲಿ, ಅಮೆರಿಕದಲ್ಲಿ 1980ರ ಜನವರಿಯಲ್ಲಿ ಬಂತು. ಮುಂದೆ ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ ಅದನ್ನು ಎಂಬತ್ತರ ದಶಕದ ಅತ್ಯುತ್ತಮ ಆಲ್ಬಂ ಎಂದು ಆರಿಸಿತು. ಲಂಡನ್ನಿನವರ ಲೆಕ್ಕದಲ್ಲಿ ಅದು ಎಪ್ಪತ್ತರ ದಶಕದ್ದು.

ಕನ್ನಡದಲ್ಲಿ ಈ ತೊಡಕು ಇನ್ನೂ ಗಟ್ಟಿಯಾಗಿದೆ, ಏಕೆಂದರೆ ನಮ್ಮ ಚಿತ್ರರಂಗಕ್ಕೆ ವರ್ಷದ ಕೊನೆಯ ವಾರದ ಮೇಲೆ ವಿಶೇಷ ಮಮತೆ. ‘ಮುಂಗಾರು ಮಳೆ’ ತೆರೆಗೆ ಬಂದದ್ದು 2006ರ ಡಿಸೆಂಬರ್ 29ರಂದು. ‘ಕಿರಿಕ್ ಪಾರ್ಟಿ’ 2016ರ ಡಿಸೆಂಬರ್ 30ರಂದು. ‘ಕಾಟೇರ’ 2023ರ ಡಿಸೆಂಬರ್ 29ರಂದು. ಮನೋಮೂರ್ತಿಯವರ ಸಂಗೀತದ ‘ಮುಂಗಾರು ಮಳೆ’ಯ ಹಾಡುಗಳು ಬೆಂಗಳೂರಿನ ಆಟೋ, ಬಸ್ಸು, ದರ್ಶಿನಿಗಳಲ್ಲೆಲ್ಲ ಮೊಳಗಿದ್ದು 2007ರ ಉದ್ದಕ್ಕೂ, ಆ ವರ್ಷವನ್ನು ಬದುಕಿದ ಯಾರನ್ನು ಕೇಳಿದರೂ ಅದು 2007ರ ಸಂಗೀತ ಎಂದೇ ಹೇಳುತ್ತಾರೆ. ಆದರೆ ಬಿಡುಗಡೆಯ ದಿನಾಂಕ ಹಿಡಿದು ಪಟ್ಟಿ ಮಾಡಿದರೆ ಅದು 2006ಕ್ಕೆ ಸೇರಬೇಕು, ಮತ್ತು 2006ರ ಡಿಸೆಂಬರ್ ಮೊದಲ ವಾರದಲ್ಲಿ ಮತ ಹಾಕುವವರು ಅದನ್ನು ಚಿತ್ರದೊಡನೆ ನೋಡಿರಲು ಸಾಧ್ಯವೇ ಇರಲಿಲ್ಲ. ಹೀಗೆ ಎರಡು ವರ್ಷಗಳ ನಡುವಿನ ಸಂದಿನಲ್ಲಿ ಬಿದ್ದ ಆಲ್ಬಂ ಎರಡೂ ಪಟ್ಟಿಗಳಿಂದ ಜಾರಿಹೋಗಬಹುದು, ಅಥವಾ ಎರಡರಲ್ಲೂ ಕಾಣಿಸಿಕೊಳ್ಳಬಹುದು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯವರು ಇದನ್ನು ತಪ್ಪಿಸಲು ಸೆನ್ಸಾರ್ ಪ್ರಮಾಣಪತ್ರದ ದಿನಾಂಕವನ್ನು ಹಿಡಿಯುತ್ತಾರೆ. ಅದು ಸ್ಪಷ್ಟವಾದ ಅಳತೆಗೋಲು, ಆದರೆ ಹಾಡು ಜನರ ಕಿವಿಗೆ ಬಿದ್ದ ದಿನಕ್ಕೂ ಆ ಕಾಗದಕ್ಕೂ ನಂಟಿಲ್ಲ.

ಇದರ ಹಿಂದೆಯೇ ಇನ್ನೊಂದು ಪ್ರಶ್ನೆಯಿದೆ: ಆಲ್ಬಂ ಎಂದರೆ ಯಾವುದು? ಕನ್ನಡದಲ್ಲಿ ಸಿನಿಮಾದಿಂದ ಹೊರಗೆ ಆಲ್ಬಂ ಎಂಬ ಕಲ್ಪನೆಯನ್ನು ಮನೆಮನೆಗೆ ತಲುಪಿಸಿದ್ದು ಭಾವಗೀತೆಗಳ ಧ್ವನಿಸುರುಳಿಗಳು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದಾಗ, ಒಬ್ಬ ಕವಿಯ ಹಲವು ಗೀತೆಗಳನ್ನು ಒಟ್ಟಿಗೆ ಕೂತು ಕೇಳುವ ಅಭ್ಯಾಸ ಬೆಳೆಯಿತು. ಮೊದಲ ಬದಿ ಮುಗಿದ ಮೇಲೆ ಎದ್ದು ಕ್ಯಾಸೆಟ್ ತಿರುವಿ ಹಾಕಬೇಕಿತ್ತು, ಹಾಡುಗಳ ಕ್ರಮಕ್ಕೂ ಒಂದು ಅರ್ಥವಿತ್ತು. ಸಿನಿಮಾದ ಧ್ವನಿಸುರುಳಿ ಕಥೆಯ ಸನ್ನಿವೇಶಗಳಿಗೆ ಹೊಂದಿಕೊಂಡು ಹುಟ್ಟಿದ ಹಾಡುಗಳ ಗೊಂಚಲು. ಈಗ ಅದೂ ಒಡೆದಿದೆ: ಚಿತ್ರ ಬರುವ ತಿಂಗಳುಗಳ ಮೊದಲೇ ಹಾಡುಗಳು ಒಂದೊಂದಾಗಿ ಲಿರಿಕಲ್ ವಿಡಿಯೊಗಳಾಗಿ ಬರುತ್ತವೆ, ಮೊದಲ ಹಾಡು ಒಂದು ವರ್ಷದಲ್ಲೂ ಕೊನೆಯದು ಮುಂದಿನ ವರ್ಷದಲ್ಲೂ ಇರಬಹುದು. ಭಾವಗೀತೆ, ಸಿನಿಮಾ, ರ‍್ಯಾಪ್ ಮೂರನ್ನೂ ಒಂದೇ ಪಟ್ಟಿಯಲ್ಲಿ ಕೂರಿಸುವುದೇ ನ್ಯಾಯವಲ್ಲ ಎನ್ನುವವರ ವಾದದಲ್ಲಿ ಹುರುಳಿದೆ. ಆದರೆ ಬೇರೆಬೇರೆ ಪಂಕ್ತಿ ಹಾಕಿದರೆ ಜಗಳದ ಸ್ವಾರಸ್ಯವೂ ಹೋಗುತ್ತದೆಯೆಂದು ನನಗನ್ನಿಸುತ್ತದೆ.

ಅಭಿಪ್ರಾಯವೇ ಬೇಡ, ಎಷ್ಟು ಜನ ಕೇಳಿದರೆಂದು ಎಣಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅದೂ ಹಳೆಯ ದಾರಿಯೇ. ರೇಡಿಯೊ ಸಿಲೋನ್‌ನಲ್ಲಿ 1952ರಲ್ಲಿ ಆರಂಭವಾಗಿ ಅಮೀನ್ ಸಯಾನಿಯವರ ದನಿಯಿಂದ ಪ್ರಸಿದ್ಧವಾದ ಬಿನಾಕಾ ಗೀತ್‌ಮಾಲಾ, ಹಿಂದಿ ಚಿತ್ರಗೀತೆಗಳ ವರ್ಷಾಂತ್ಯದ ಪಟ್ಟಿಗಾಗಿ ದೇಶವನ್ನೇ ಕಾಯುವಂತೆ ಮಾಡಿತ್ತು; ಅಂಗಡಿಗಳಲ್ಲಿ ರೆಕಾರ್ಡ್‌ಗಳ ಮಾರಾಟವನ್ನೂ ಕೇಳುಗರ ಸಂಘಗಳ ಅಭಿಪ್ರಾಯವನ್ನೂ ಅದು ನೋಡುತ್ತಿತ್ತು. ಈಗಿನ ಎಣಿಕೆ ಯಂತ್ರದ್ದು, ಆದರೆ ಯಂತ್ರಕ್ಕೂ ನಿಯಮವನ್ನು ಮನುಷ್ಯರೇ ಕೊಡುತ್ತಾರೆ. ಅಮೆರಿಕದ ಬಿಲ್‌ಬೋರ್ಡ್ 2014ರ ಕೊನೆಯಲ್ಲಿ ಸ್ಟ್ರೀಮಿಂಗನ್ನು ಆಲ್ಬಂ ಪಟ್ಟಿಗೆ ಸೇರಿಸಿಕೊಂಡಾಗ 1,500 ಬಾರಿ ಹಾಡು ಕೇಳಿದರೆ ಒಂದು ಆಲ್ಬಂ ಮಾರಾಟವಾದಂತೆ ಎಂದು ಲೆಕ್ಕ ಹಿಡಿಯಿತು. 2018ರಲ್ಲಿ ಇದನ್ನು ಬದಲಿಸಿ, ಹಣ ಕೊಟ್ಟ ಚಂದಾದಾರರು ಕೇಳಿದರೆ 1,250, ಜಾಹೀರಾತಿನೊಡನೆ ಉಚಿತವಾಗಿ ಕೇಳಿದರೆ 3,750 ಎಂದು ಮಾಡಿತು. ಒಂದು ಲಕ್ಷ ಚಂದಾದಾರರು ಹತ್ತು ಹಾಡುಗಳ ಆಲ್ಬಮನ್ನು ಒಮ್ಮೆ ಪೂರ್ತಿ ಕೇಳಿದರೆ, 1,250ರ ಲೆಕ್ಕದಲ್ಲಿ ಅದು 800 ಆಲ್ಬಂ. ಅವರೇ ಇಪ್ಪತ್ತೈದು ಹಾಡುಗಳ ಆಲ್ಬಮನ್ನು ಒಮ್ಮೆ ಕೇಳಿದರೆ 2,000. ಆಲ್ಬಂಗಳಲ್ಲಿ ಹಾಡುಗಳ ಸಂಖ್ಯೆ ಏಕೆ ಬೆಳೆಯುತ್ತದೆ, ಪುಟ್ಟ ಪುಟ್ಟ ಹಾಡುಗಳೇಕೆ ಸಾಲುಗಟ್ಟುತ್ತವೆ ಎಂದು ಕೇಳುವವರಿಗೆ ಈ ಭಾಗಾಕಾರ ಅರ್ಧ ಉತ್ತರ ಕೊಡುತ್ತದೆ. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಬಾರಿ ಕೇಳಿದ ಲೆಕ್ಕ. ಮೂವತ್ತೊಂದನೆಯ ಸೆಕೆಂಡಿಗೆ ಬೇಸರದಿಂದ ಮುಂದಕ್ಕೆ ಹಾರಿಸಿದವರೂ, ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದವರೂ ಆ ಲೆಕ್ಕದಲ್ಲಿ ಒಂದೇ. ಮಗುವನ್ನು ಮಲಗಿಸಲು ಒಂದೇ ಜೋಗುಳವನ್ನು ದಿನವೂ ಹಚ್ಚುವ ಮನೆಯಲ್ಲಿ ವರ್ಷಾಂತ್ಯಕ್ಕೆ ಯಾವುದು ಅಗ್ರಸ್ಥಾನಕ್ಕೆ ಬರುತ್ತದೆಂದು ಹೇಳಬೇಕಾಗಿಲ್ಲ.

ಉಳಿದದ್ದು ಮತದಾರರ ಪಟ್ಟಿ. ರೋಲಿಂಗ್ ಸ್ಟೋನ್ 2003ರಲ್ಲಿ ಸಾರ್ವಕಾಲಿಕ 500 ಆಲ್ಬಂಗಳನ್ನು ಪಟ್ಟಿ ಮಾಡಿದಾಗ ಮೊದಲ ಸ್ಥಾನ ಬೀಟಲ್ಸ್ ತಂಡದ 1967ರ ಒಂದು ಆಲ್ಬಂಗೆ ಸಿಕ್ಕಿತು, ಮಾರ್ವಿನ್ ಗೇ ಅವರ 1971ರ ಆಲ್ಬಂ ಆರನೆಯದಾಗಿತ್ತು. 2020ರಲ್ಲಿ ಬೇರೆ ಮತದಾರರನ್ನು ಕರೆದು ಹೊಸದಾಗಿ ಮತ ಹಾಕಿಸಿದಾಗ ಮಾರ್ವಿನ್ ಗೇ ಮೊದಲನೆಯವರಾದರು, ಬೀಟಲ್ಸ್‌ನ ಆ ಆಲ್ಬಂ 24ಕ್ಕೆ ಇಳಿಯಿತು. ಹದಿನೇಳು ವರ್ಷಗಳಲ್ಲಿ ಎರಡರಲ್ಲಿಯೂ ಒಂದು ಸ್ವರ ಬದಲಾಗಿರಲಿಲ್ಲ. ಬೆಂಗಳೂರಿನಲ್ಲಿ ಇದನ್ನು ವಿವರಿಸಿ ಹೇಳುವ ಅಗತ್ಯವೇ ಇಲ್ಲ: ಚಾಮರಾಜಪೇಟೆಯ ರಾಮೋತ್ಸವದ ಕಛೇರಿಗೆ ಹೋಗುವವರು, ಇಂದಿರಾನಗರದ ಪಬ್ಬಿನಲ್ಲಿ ಇಂಗ್ಲಿಷ್ ಬ್ಯಾಂಡ್ ಕೇಳುವವರು, ಪೀಣ್ಯದ ಕಾರ್ಖಾನೆಯ ಪಾಳಿ ಮುಗಿಸಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಳ್ಳುವವರು ಒಂದೇ ಊರಿನವರು, ಆದರೆ ಮೂವರನ್ನೂ ಒಂದೇ ಮತಪೆಟ್ಟಿಗೆಯ ಮುಂದೆ ನಿಲ್ಲಿಸಿದ ಪಟ್ಟಿಯನ್ನು ನಾನು ನೋಡಿಲ್ಲ. ‘ಬೆಂಗಳೂರಿನ ಅತ್ಯುತ್ತಮ’ ಎಂಬ ತಲೆಬರಹ ಕಂಡಾಗ, ಅದರ ಮತದಾರರು ಯಾವ ಬಡಾವಣೆಯವರು, ಯಾವ ಭಾಷೆಯಲ್ಲಿ ಹಾಡು ಕೇಳುವವರು ಎಂದು ಮೊದಲು ನೋಡುವುದು ನನ್ನ ರೂಢಿ.

ಅಭಿಮಾನಿಗಳು ಇದನ್ನೆಲ್ಲ ತಿಳಿಯದವರೇನಲ್ಲ. ನಿಯಮ ಗೊತ್ತಾದೊಡನೆ ಅದಕ್ಕೆ ತಕ್ಕ ತಂತ್ರವನ್ನೂ ಹೂಡುತ್ತಾರೆ. ಅಂಕ ಕೊಡುವ ಪದ್ಧತಿಯಲ್ಲಿ ಹಳೆಯ ತಂತ್ರವೆಂದರೆ, ನಮ್ಮ ಆಲ್ಬಂಗೆ ನಿಜವಾದ ಪೈಪೋಟಿ ಕೊಡುವುದನ್ನು ಬೇಕೆಂದೇ ಕಟ್ಟಕಡೆಗೆ ತಳ್ಳುವುದು. ತನ್ನ ಪದ್ಧತಿ ಪ್ರಾಮಾಣಿಕರಿಗೆ ಮಾತ್ರ ಎಂದು ಬೋರ್ಡಾ ಹೇಳಿದನೆಂಬ ಮಾತು ಈ ಕಾರಣಕ್ಕೇ ಪ್ರಚಲಿತವಾಗಿದೆ. ಗಾಂಧಿ ಬಜಾರಿನ ಆ ಹೋಟೆಲಿಗೆ ಮರಳಿದರೆ, ಸಿನಿಮಾದ ಆರು ಮಂದಿ ಸೋಲುವ ಸುಳಿವು ಸಿಕ್ಕಿ ಒಳಗೊಳಗೇ ಮಾತಾಡಿಕೊಂಡು, ಭಾವಗೀತೆಯನ್ನು ಎರಡರಿಂದ ಮೂರಕ್ಕೆ ಇಳಿಸಿ ರ‍್ಯಾಪನ್ನು ಎರಡಕ್ಕೆ ಏರಿಸಿದರು ಎನ್ನೋಣ. ಭಾವಗೀತೆಯ ಅಂಕ 34ರಿಂದ 28ಕ್ಕೆ ಬೀಳುತ್ತದೆ, ಅಷ್ಟರಮಟ್ಟಿಗೆ ತಂತ್ರ ಫಲಿಸಿತು. ಸಿನಿಮಾ ಮಾತ್ರ 27ರಲ್ಲೇ ನಿಂತಿದೆ, ಏಕೆಂದರೆ ಅದರ ಅಂಕ ಏರಿಸಲು ಯಾರೂ ಏನೂ ಮಾಡಿಲ್ಲ. ರ‍್ಯಾಪ್ 35ಕ್ಕೆ ಏರಿ ಗೆದ್ದಿದೆ. ಆ ಆರು ಮಂದಿಗೂ ಮೂರರಲ್ಲಿ ಅತ್ಯಂತ ಬೇಡವಾಗಿದ್ದದ್ದು ಅದೇ.